ಹಳೆ ಲ್ಯಾಪ್‌ಟಾಪು, ಕಾಳಿ ಕಣಿವೆಯ ಕರೆಂಟು

ಬೆಂಗಳೂರಿನ ಐಟಿ ಕಂಪನಿಗಳು ಮೂರು ನಾಲ್ಕು ವರ್ಷ ದುಡಿಸಿಕೊಂಡು ಕೈಬಿಟ್ಟ ಲ್ಯಾಪ್‌ಟಾಪುಗಳು ಲಾಟ್ ಲೆಕ್ಕದಲ್ಲಿ ಬಿಕರಿಯಾಗಿ, ಒರೆಸಿಕೊಂಡು, ಹೊಸ ಸ್ಟಿಕ್ಕರ್ ಅಂಟಿಸಿಕೊಂಡು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಅಂಗಡಿಗಳಿಗೆ ಬರುತ್ತವೆ. ಅಲ್ಲಿಂದ ಬಸ್ಸು ಹತ್ತಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಕ್ಕೆ. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್. ಅಂಗಡಿಯವರ ಬಾಯಲ್ಲಿ ಇವೆಲ್ಲ ‘ಕಂಪನಿ ಪೀಸ್’. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಈ ಮಾಲನ್ನು ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಕೊಡಿಸುವುದೇ ಜಾಣತನ ಎಂಬ ಮಾತು ಈಗ ಎಲ್ಲೆಡೆ ಚಾಲ್ತಿಯಲ್ಲಿದೆ. ಅದೇ ದುಡ್ಡಿಗೆ, ಕೆಲವೊಮ್ಮೆ ಇನ್ನೂ ಕಡಿಮೆಗೆ, ಮಾನಿಟರ್ ಸಮೇತ ಬರುವ ಹಳೆ ಡೆಸ್ಕ್‌ಟಾಪನ್ನು ಕೇಳುವವರು ಕಡಿಮೆ. ಈ ಜಾಣತನವನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕಿದೆ.

ಒಳ್ಳೆಯ ಮಾತು ಮೊದಲು. ಕಂಪನಿ ಪೀಸುಗಳ ಕಟ್ಟುಮಸ್ತು ಸುಳ್ಳಲ್ಲ. ಹೊಸದಾಗಿ ಮೂವತ್ತು ಸಾವಿರದೊಳಗೆ ಸಿಗುವ ಲ್ಯಾಪ್‌ಟಾಪಿನ ಪ್ಲಾಸ್ಟಿಕ್ ಮೈ, ಒತ್ತಿದರೆ ಬಾಗುವ ಕೀಬೋರ್ಡು, ಎರಡೇ ವರ್ಷಕ್ಕೆ ಬಿರುಕು ಬಿಡುವ ಹಿಂಜುಗಳ ಪಕ್ಕದಲ್ಲಿ ಥಿಂಕ್‌ಪ್ಯಾಡ್ ಟಿ480 ಇಟ್ಟು ನೋಡಿದರೆ ಸಾಕು. 2018ರಲ್ಲಿ ಬಂದ ಯಂತ್ರ. ಹಿಂಬದಿಯ ಮುಚ್ಚಳ ತೆಗೆದರೆ ರ‍್ಯಾಮ್ ಬದಲಿಸಬಹುದು, ಎಸ್‌ಎಸ್‌ಡಿ ಬದಲಿಸಬಹುದು. ಹೊಸ ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ಆದರೆ ‘ಐ5 ಇದೆ, ಎಂಟು ಜಿಬಿ ಇದೆ’ ಎಂಬ ಮಾತಿಗೆ ತಲೆಯಾಡಿಸುವ ಮುನ್ನ ಎಷ್ಟನೇ ತಲೆಮಾರಿನ ಐ5 ಎಂದು ಕೇಳಲೇಬೇಕು. ಏಳನೇ ತಲೆಮಾರಿನವರೆಗೆ ತೆಳು ಲ್ಯಾಪ್‌ಟಾಪುಗಳ ಐ5ಗೆ ಇದ್ದದ್ದು ಎರಡೇ ಕೋರ್. 2017ರಲ್ಲಿ ಎಂಟನೇ ತಲೆಮಾರು ಬಂದಾಗ ನಾಲ್ಕಾಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದೂ ಹೆಚ್ಚುಕಡಿಮೆ ಈ ಎಂಟರಿಂದ ಈಚಿನ ಇಂಟೆಲ್ ಚಿಪ್ಪುಗಳನ್ನೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಗಿದೆ. ಕಂಪನಿಗಳು ಹಳೆ ಯಂತ್ರಗಳನ್ನು ರಾಶಿರಾಶಿಯಾಗಿ ಹೊರಹಾಕಲು ಇದೂ ಒಂದು ಕಾರಣ. ಆರನೇ ತಲೆಮಾರಿನ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ‘ಲೇಟೆಸ್ಟ್ ಇದೆ ನೋಡ್ರಿ’ ಅಂದರೆ ನಂಬುವವರಿಗೇನೂ ಕೊರತೆಯಿಲ್ಲ. ‘ಗ್ರೇಡ್ ಎ’ ಎಂಬುದೂ ಮಾರುವವನು ತಾನೇ ಕೊಟ್ಟುಕೊಂಡ ಅಂಕ. ಅದು ಬಹುಮಟ್ಟಿಗೆ ಹೊರಮೈಯ ಗೀರುಗಳ ಲೆಕ್ಕ. ಒಳಗಿನ ಬ್ಯಾಟರಿಯ ವಯಸ್ಸನ್ನು ಹೇಳುವುದಿಲ್ಲ.

ಈ ಸೀಮೆಯ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಆ ಬ್ಯಾಟರಿಯ ಮೇಲೆಯೇ. ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅಂಬಿಕಾನಗರದ ಬಳಿ ನಾಗಝರಿ ವಿದ್ಯುದಾಗಾರ, ಕೆಳಗೆ ಕೊಡಸಳ್ಳಿ, ಕೈಗಾ, ಅದರಾಚೆ ಕದ್ರಾ. ನಾಡಿಗೆಲ್ಲ ಬೆಳಕು ಕೊಡುವ ಈ ಕಣಿವೆಯಲ್ಲೇ ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ. ಸೂಪಾ ಊರೇ ನೀರಲ್ಲಿ ಮುಳುಗಿತು. ಉಳಿದ ಜೋಯಿಡಾ ತಾಲೂಕಿನ ತಂತಿಗಳು ಕಾಡಿನ ನಡುವೆ ಹಾದು ಬರುತ್ತವೆ. ಒಂದು ಮರ ಬಿದ್ದರೆ ಹೆಸ್ಕಾಂನ ಲೈನ್‌ಮನ್ ಆ ಮರ ಹುಡುಕಿಕೊಂಡು ನಡೆಯಬೇಕು. ಇಂಥ ಊರಲ್ಲಿ ಲ್ಯಾಪ್‌ಟಾಪಿನ ಪರವಾಗಿ ಹೇಳುವ ಮೊದಲ ಮಾತು ‘ಕರೆಂಟ್ ಹೋದ್ರೂ ನಡೀತದೆ’ ಎಂಬುದು. ಹೊಸ ಲ್ಯಾಪ್‌ಟಾಪಿನ ಮಟ್ಟಿಗೆ ಅದು ನಿಜ. ಹಳೆಯದರಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿರುವ ಭಾಗ ಅದೇ ಬ್ಯಾಟರಿ. ಆಫೀಸಿನ ಮೇಜಿನ ಮೇಲೆ ವರ್ಷಗಟ್ಟಲೆ ಚಾರ್ಜರಿಗೆ ಜೋತುಕೊಂಡೇ ಬಿಸಿಯಾಗಿ ಕೂತಿದ್ದ ಬ್ಯಾಟರಿ ಅರ್ಧ ಗಂಟೆಗೆ ಉಸಿರು ಬಿಟ್ಟರೆ ಅಚ್ಚರಿಪಡಬೇಕಿಲ್ಲ. ಯಾವ ಗುಣಕ್ಕಾಗಿ ಕೊಂಡೆವೋ ಆ ಗುಣವೇ ಬರಿದಾದ ಮೇಲೆ ಉಳಿಯುವುದು ಸಣ್ಣ ಪರದೆಯ, ರಿಪೇರಿಗೆ ತುಟ್ಟಿಯಾದ ಒಂದು ಡೆಸ್ಕ್‌ಟಾಪು.

ಇದನ್ನು ಅಂಗಡಿಯಲ್ಲೇ ಕಂಡುಕೊಳ್ಳಬಹುದು. ಕಮಾಂಡ್ ಪ್ರಾಂಪ್ಟಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ವಿಂಡೋಸ್ ತಾನೇ ಬ್ಯಾಟರಿ ರಿಪೋರ್ಟ್ ಕೊಡುತ್ತದೆ: ಕಾರ್ಖಾನೆಯಿಂದ ಬಂದಾಗ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ. ಎರಡನೆಯದು ಮೊದಲಿನದರ ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಸೇರಿಸಿಯೇ ಚೌಕಾಸಿ ಮಾಡಬೇಕು. ಈ ರಿಪೋರ್ಟ್ ತೋರಿಸಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಚಹಾ ಕುಡಿದು ಎದ್ದು ಬರುವುದು ಲೇಸು. ಟಿ480ರ ಒಂದು ಉಪಕಾರ ಇಲ್ಲಿ ನೆನೆಯಬೇಕು. ಅದಕ್ಕೆ ಎರಡು ಬ್ಯಾಟರಿ, ಒಳಗೊಂದು ಹೊರಗೊಂದು. ಹೊರಗಿನದನ್ನು ಯಂತ್ರ ಆರಿಸದೆಯೇ ಬದಲಿಸಬಹುದು.

ಡೆಸ್ಕ್‌ಟಾಪ್ ಪಕ್ಷದವರೂ ಪೂರ್ತಿ ಸತ್ಯ ಹೇಳುವುದಿಲ್ಲ. ‘ಯುಪಿಎಸ್ ಹಾಕಿದ್ರಾತು’ ಅನ್ನುತ್ತಾರೆ. ಮಾಮೂಲಿ 600 ವಿಎ ಯುಪಿಎಸ್‌ನೊಳಗೆ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್-ಅವರ್. ಮಾನಿಟರ್ ಸೇರಿ ನೂರು ವಾಟ್ ಎಳೆಯುವ ಡೆಸ್ಕ್‌ಟಾಪನ್ನು ಅದು ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಕೈಬಿಡುತ್ತದೆ. ಹಳೆ ಯುಪಿಎಸ್ ಆದರೆ ಫೈಲ್ ಸೇವ್ ಮಾಡುವಷ್ಟೇ ಹೊತ್ತು. ಜೋಯಿಡಾದ ಗುಂದ, ಉಳವಿ ಕಡೆ ಸಂಜೆ ಹೋದ ಕರೆಂಟು ಮರುದಿನ ಬರುವ ಜುಲೈ ತಿಂಗಳಿಗೆ ಇದು ಯಾವ ಮೂಲೆಗೆ? ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಡೆಸ್ಕ್‌ಟಾಪ್ ಹೊತ್ತುಕೊಂಡು ಹೋಗಲೂ ಆಗುವುದಿಲ್ಲ. ಜೊತೆಗೆ, ಕಚೇರಿಯಿಂದ ಬಂದ ಡೆಸ್ಕ್‌ಟಾಪುಗಳಿಗೆ ಹಲವು ಸಲ ವೈಫೈ ಇರುವುದಿಲ್ಲ. ಕ್ಯಾಮೆರಾ, ಮೈಕ್ ಅಂತೂ ಇಲ್ಲವೇ ಇಲ್ಲ. ಮೊಬೈಲನ್ನು ಕೇಬಲ್ಲಿನಿಂದ ಸಿಕ್ಕಿಸಿ ನೆಟ್ ಪಡೆಯಬೇಕು, ಇಲ್ಲವೇ ವೈಫೈ ಡಾಂಗಲ್ ಕೊಳ್ಳಬೇಕು.

ಹಾಗಿದ್ದೂ ಪೇಟೆಗಳ ಮಟ್ಟಿಗೆ ನನ್ನ ಓಟು ಡೆಸ್ಕ್‌ಟಾಪಿಗೆ. ಕಾಗದ ಕಾರ್ಖಾನೆಯ ದಾಂಡೇಲಿ, ಇಂಜಿನಿಯರಿಂಗ್ ಕಾಲೇಜಿರುವ ಹಳಿಯಾಳ, ಟಿಬೆಟಿಯನ್ ಕ್ಯಾಂಪುಗಳಿರುವ ಮುಂಡಗೋಡ, ಇಲ್ಲೆಲ್ಲ ಕರೆಂಟು ಹೋಗುತ್ತದಾದರೂ ಜೋಯಿಡಾದ ಹಳ್ಳಿಗಳಷ್ಟು ಮುನಿಸಿಲ್ಲ. ಇಲ್ಲಿನ ಆನ್‌ಲೈನ್ ಸೇವಾ ಕೇಂದ್ರ, ಝೆರಾಕ್ಸ್ ಅಂಗಡಿ, ಡಿಟಿಪಿ ಮಾಡುವವರಿಗೆ ಲ್ಯಾಪ್‌ಟಾಪ್ ಬರೀ ತೊಡಕು. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಸಾಧನ ಎಂದು ಮೂರು ನಾಲ್ಕು ಯುಎಸ್‌ಬಿ ಸದಾ ಚುಚ್ಚಿಕೊಂಡಿರಬೇಕು. ನುಡಿ ತಂತ್ರಾಂಶದಲ್ಲಿ ದಿನವಿಡೀ ಟೈಪಿಸುವ ಕೈಗೆ ಪೂರ್ತಿ ಅಳತೆಯ ಕೀಬೋರ್ಡು ಬೇಕು, ಕೆಟ್ಟರೆ ಕೆಲವೇ ನೂರು ರೂಪಾಯಿಗೆ ಹೊಸದು ತರುವಂತಿರಬೇಕು. ಚಿಪ್ಪಿನ ಬಲದಲ್ಲೂ ಅಂತರವಿದೆ. ಅದೇ ಎಂಟನೇ ತಲೆಮಾರಿನ ಐ5 ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೋರ್, 15 ವಾಟ್. ಡೆಸ್ಕ್‌ಟಾಪಿನಲ್ಲಿ ಆರು ಕೋರ್, 65 ವಾಟ್. ಹಳಿಯಾಳದಲ್ಲಿ ಮನೆಯಿಂದಲೇ ಕಾಲೇಜಿಗೆ ಹೋಗಿ ಬರುತ್ತ ಕ್ಯಾಡ್ ಕಲಿಯುವ ಹುಡುಗನಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಾಸ್ಟೆಲಿನಲ್ಲಿದ್ದರೆ ಮಾತು ಬೇರೆ. ಅಲ್ಲಿ ಲ್ಯಾಪ್‌ಟಾಪೇ ಸರಿ.

ಮಳೆಯ ಇನ್ನೊಂದು ಮುಖ ತೇವ. ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವ ಮಳೆ ಬೀಳುತ್ತದೆ. ಗೋಡೆ ಬೆವರುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ರ‍್ಯಾಮಿನ ಹಿತ್ತಾಳೆ ಬಣ್ಣದ ಹಲ್ಲುಗಳೂ ಮಂಕಾಗುತ್ತವೆ. ಡೆಸ್ಕ್‌ಟಾಪ್ ಆದರೆ ಪಕ್ಕದ ಬಾಗಿಲು ತೆಗೆದು, ರ‍್ಯಾಮ್ ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಮತ್ತೆ ಜೀವ ಬರುತ್ತದೆ. ಹತ್ತನೇ ತರಗತಿಯ ಹುಡುಗಿಯೂ ಮಾಡಬಲ್ಲ ಕೆಲಸ. ಸಿಡಿಲಿನ ಹೊಡೆತಕ್ಕೆ ಮೊದಲು ಬಲಿಯಾಗುವುದು ಹೆಚ್ಚಾಗಿ ಒಳಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್. ಅದೊಂದನ್ನು ಬದಲಿಸಿದರೆ ಕೆಲಸ ನಡೆಯುತ್ತದೆ, ಕಚೇರಿಯ ಬ್ರಾಂಡೆಡ್ ಪೆಟ್ಟಿಗೆಯಾದರೆ ಅದಕ್ಕೆ ಹೊಂದುವ ಎಸ್‌ಎಂಪಿಎಸ್ ಸಿಗಬೇಕಷ್ಟೆ. ಲ್ಯಾಪ್‌ಟಾಪಿನಲ್ಲಿ ಪೆಟ್ಟು ಅಡಾಪ್ಟರ್ ದಾಟಿ ಮದರ್‌ಬೋರ್ಡಿಗೆ ತಗುಲಿತೋ, ಚಿಪ್ ಮಟ್ಟದ ರಿಪೇರಿಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ, ಹಳಿಯಾಳದವರಿಗೆ ಧಾರವಾಡ. ಜೋಯಿಡಾದ ಒಳಹಳ್ಳಿಯವರಿಗೆ ಅದು ಒಂದು ದಿನದ ಕೂಲಿ, ಬಸ್ ಚಾರ್ಜು, ‘ಎಂಟು ದಿನ ಬಿಟ್ಟು ಬರ‍್ರಿ’ ಎಂದರೆ ಇನ್ನೊಂದು ದಿನದ ಕೂಲಿ. ಅಂಗಡಿಯ ಆರು ತಿಂಗಳ ವಾರಂಟಿಯೂ ಈ ದೂರದಲ್ಲಿ ಸವೆಯುತ್ತದೆ. ಯಾವ ಯಂತ್ರವಾದರೂ ಸರಿ, ಮನೆಗೆ ಅರ್ಥಿಂಗ್ ಇದೆಯೇ ಎಂದು ಮೊದಲು ನೋಡಿಸಬೇಕು; ಕಂಪ್ಯೂಟರಿಗೆ ಇಪ್ಪತ್ತು ಸಾವಿರ ಸುರಿಯುವವರು ಇದಕ್ಕೆ ಕೈ ಬಿಗಿ ಹಿಡಿಯುವುದು ನನಗೆ ಅರ್ಥವಾಗದ ಲೆಕ್ಕ.

ಜೋಯಿಡಾಕ್ಕೆ ಹಾಗಾದರೆ ಲ್ಯಾಪ್‌ಟಾಪೇ ಗತಿಯೇ? ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ ಹೌದು, ಹೊಸ ಬ್ಯಾಟರಿ ಹಾಕಿಸಿಕೊಂಡ ಎಂಟನೇ ತಲೆಮಾರಿನದು. ಇನ್ವರ್ಟರ್ ಇದ್ದರೆ ಮೂರನೆಯ ದಾರಿಯೊಂದಿದೆ, ಅದನ್ನು ಕೇಳುವವರೇ ಇಲ್ಲ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ದಪ್ಪ ಪುಸ್ತಕದಷ್ಟೇ ಗಾತ್ರದ ಈ ಡೆಸ್ಕ್‌ಟಾಪುಗಳೂ ಅದೇ ಕಂಪನಿ ಲಾಟುಗಳಲ್ಲಿ ಬರುತ್ತವೆ. ಲ್ಯಾಪ್‌ಟಾಪಿನ ರ‍್ಯಾಮು, ಲ್ಯಾಪ್‌ಟಾಪಿನಂಥದೇ ಅಡಾಪ್ಟರು. ಸುಮ್ಮನೆ ಟೈಪಿಂಗು, ಬ್ರೌಸಿಂಗು ನಡೆಯುವಾಗ ಎಲ್‌ಇಡಿ ಮಾನಿಟರ್ ಸೇರಿಸಿದರೂ ಒಂದು ಸೀಲಿಂಗ್ ಫ್ಯಾನಿನಷ್ಟೇ ವಿದ್ಯುತ್ತು. 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿ ಗಟ್ಟಿಯಾಗಿದ್ದರೆ ರಾತ್ರಿಯ ಓದು ಮುಗಿಯುವವರೆಗೂ ಇದು ಆರುವುದಿಲ್ಲ. ಕೊಳ್ಳುವಾಗ ಅಡಾಪ್ಟರ್ ಅದೇ ಕಂಪನಿಯದೋ, ಬೇರೆಲ್ಲಿಂದಲೋ ತಂದು ಜೋಡಿಸಿದ್ದೋ ನೋಡಿಕೊಳ್ಳಬೇಕು. ಲಾಟಿನಲ್ಲಿ ಪೆಟ್ಟಿಗೆಯೂ ಅಡಾಪ್ಟರೂ ಬೇರೆಬೇರೆಯಾಗಿ ಬಂದಿರುವುದುಂಟು.