‘ಸೆನೆಕ್ತೂಸ್’: ಮುಪ್ಪಿನ ಪದವೂ 71ನೆಯ ಕೀರ್ತನೆಯೂ

ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ದೂರದ ನಗರಗಳಿಗೆ ಗುಳೆ ಹೋದಾಗ ಮನೆಯಲ್ಲಿ ಉಳಿಯುವವರು ಹೆಚ್ಚಾಗಿ ವೃದ್ಧರು ಮತ್ತು ಮಕ್ಕಳು. ಅಲ್ಲಿಯ ಸಭೆಗಳಲ್ಲಾಗಲಿ ರಾಯಚೂರು ನಗರದಲ್ಲಾಗಲಿ 71ನೆಯ ಕೀರ್ತನೆಯನ್ನು ಬೋಧಿಸುವವನು ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರನು: ಮುಪ್ಪು ಎಂಬುದು ನಷ್ಟದ ಹೆಸರೋ, ಬಾಳಿನ ಒಂದು ಸ್ಥಿತಿಯ ಹೆಸರೋ? ಪಾಶ್ಚಾತ್ಯ ಸಭೆಯು ಶತಮಾನಗಳ ಕಾಲ ಈ ಕೀರ್ತನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಓದಿತು. ಅಲ್ಲಿಯ ‘ಸೆನೆಕ್ತೂಸ್’ ಎಂಬ ಪದವೂ ಅದರ ಮೂಲದ ಬಗ್ಗೆ ಹಬ್ಬಿದ ಒಂದು ತಪ್ಪು ವಿವರಣೆಯೂ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ.

636ರಲ್ಲಿ ನಿಧನನಾದ ಸೆವಿಲ್ಲಿನ ಬಿಷಪ್ ಇಸಿದೋರನು ತನ್ನ ವ್ಯುತ್ಪತ್ತಿ ಗ್ರಂಥದ ಹನ್ನೊಂದನೆಯ ಪುಸ್ತಕದಲ್ಲಿ ಕೆಲವರ ಮತವೊಂದನ್ನು ದಾಖಲಿಸುತ್ತಾನೆ: ‘ಸೆನ್ಸುಸ್’, ಅಂದರೆ ಬುದ್ಧಿ, ಕುಂದುವುದರಿಂದ ಮುದುಕನಿಗೆ ‘ಸೆನೆಕ್ಸ್’ ಎಂಬ ಹೆಸರು ಬಂದಿತಂತೆ. ಅರವತ್ತಕ್ಕೆ ಅರಳು ಮರಳು ಎಂಬ ನಮ್ಮ ಗಾದೆ ಇದರ ಸಹೋದರ. ಗಾದೆಯು ಅಣಕವಾಗಿ ಉಳಿಯುತ್ತದೆ; ವ್ಯುತ್ಪತ್ತಿಯಾದರೋ ಅಣಕಕ್ಕೆ ಪಾಂಡಿತ್ಯದ ಮುದ್ರೆ ಒತ್ತುತ್ತದೆ.

ಈ ವಿವರಣೆ ನಿಲ್ಲುವುದಿಲ್ಲ. ‘ಸೆನ್ಸುಸ್’ ಹುಟ್ಟಿದ್ದು ‘ಸೆಂತಿಯೊ’ (ಅನುಭವಿಸುತ್ತೇನೆ) ಎಂಬ ಕ್ರಿಯಾಪದದಿಂದ. ‘ಸೆನೆಕ್ಸ್’ ಪದದ ಧಾತುವೇ ಬೇರೆ. ಅದರ ಬಂಧುಗಳು ಲಿಥುವೇನಿಯನ್ನಿನ ‘ಸೆನಾಸ್’, ಪ್ರಾಚೀನ ಐರಿಷಿನ ‘ಸೆನ್’ ಮತ್ತು ಋಗ್ವೇದದ ‘ಸನ’. ಎಲ್ಲಕ್ಕೂ ‘ಹಳೆಯ’ ಎಂಬುದೇ ಅರ್ಥ. ನಮಗೆ ಪರಿಚಿತವಾದ ‘ಸನಾತನ’ವೂ ಇದೇ ಕುಲದ್ದು.

ವ್ಯಾಕರಣವೂ ಇದನ್ನೇ ಪುಷ್ಟೀಕರಿಸುತ್ತದೆ. ‘ಸೆನೆಕ್ಸ್’ ಪದದ ಷಷ್ಠಿ ‘ಸೆನಿಸ್’. ಪ್ರಥಮೆಯಲ್ಲಿ ಕಾಣುವ ‘ಸೆನೆಕ್’ ಎಂಬ ಅಂಗಕ್ಕೆ ‘ತೂಸ್’ ಪ್ರತ್ಯಯ ಸೇರಿ ‘ಸೆನೆಕ್ತೂಸ್’ ಆಗುತ್ತದೆ. ಇದು ತೃತೀಯ ವರ್ಗದ ಸ್ತ್ರೀಲಿಂಗ ನಾಮಪದ, ಷಷ್ಠಿ ‘ಸೆನೆಕ್ತೂತಿಸ್’. ಚತುರ್ಥ ವರ್ಗದ ಪುಲ್ಲಿಂಗವಾದ ‘ಸೆನಾತುಸ್’ (ಹಿರಿಯರ ಸಭೆ) ಧಾತುವಿನಿಂದ ಇದಕ್ಕೆ ನೆಂಟನಾದರೂ ರೂಪದಲ್ಲಿ ಬೇರೆ. ‘ತೂಸ್’ ಪ್ರತ್ಯಯವು ನಮ್ಮ ‘ತನ’ದಂತೆ ಸ್ಥಿತಿಯನ್ನು ಸೂಚಿಸುತ್ತದೆ: ‘ಯುವೆಂತೂಸ್’ ಯೌವನ, ‘ಸೆರ್ವಿತೂಸ್’ ದಾಸತನ, ‘ವಿರ್ತೂಸ್’ ಪೌರುಷ ಅಥವಾ ಬಲ. ಹಾಗಾದರೆ ‘ಸೆನೆಕ್ತೂಸ್’ ಹಿರಿತನ. ಪದದ ರಚನೆಯಲ್ಲಿ ನಷ್ಟದ ಸುಳಿವೇ ಇಲ್ಲ.

ವಲ್ಗೇಟ್ ಪಾಠದ ಒಂಬತ್ತನೆಯ ವಚನದಲ್ಲಿ ‘ಸೆನೆಕ್ತೂಸ್’ ಮತ್ತು ‘ವಿರ್ತೂಸ್’ ಒಂದೇ ಪ್ರಾರ್ಥನೆಯೊಳಗೆ ಎದುರುಬದುರಾಗಿವೆ. ಕುಂದುವುದು ಎರಡನೆಯದು, ಮೊದಲನೆಯದಲ್ಲ. ಹದಿನೆಂಟನೆಯ ವಚನದಲ್ಲಿ ‘ಸೆನೆಕ್ತಾ’, ‘ಸೆನಿಯುಮ್’ ಎಂಬ ಎರಡು ಪದಗಳು ಜೊತೆಯಾಗಿ ಬರುತ್ತವೆ. ಹೀಬ್ರೂ ಮೂಲದಲ್ಲಿ ಅವು ‘ಜಿಕ್ನಾ’ (ಮುಪ್ಪು) ಮತ್ತು ‘ಸೇವಾ’ (ನರೆ). ಇದು ಬರಿಯ ಪುನರುಕ್ತಿಯಲ್ಲವೆಂದು ಅಗಸ್ಟೀನನು ಕಂಡನು: ಯೌವನದ ನಂತರದ ಗಂಭೀರ ವಯಸ್ಸು ಒಂದು, ಅದರ ನಂತರ ಬರುವ ಕೊನೆಯ ವಯಸ್ಸು ಇನ್ನೊಂದು. ಇಸಿದೋರನೂ ‘ಸೆನಿಯುಮ್’ ಅನ್ನು ಮುಪ್ಪಿನ ಕೊನೆಯ ಭಾಗವೆಂದೇ ಹೇಳುತ್ತಾನೆ. ಕೀರ್ತನೆಗಾರನು ಆ ಕೊನೆಯ ಘಟ್ಟದಲ್ಲಿಯೂ ಮುಂದಿನ ತಲೆಮಾರಿಗೆ ದೇವರ ಬಲವನ್ನು ಸಾರಲು ಕಾಲಾವಕಾಶ ಬೇಡುತ್ತಾನೆ. ಅವನು ಪೋಷಣೆಗೆ ಪಾತ್ರನಷ್ಟೇ ಅಲ್ಲ, ಸಾಕ್ಷಿಯೂ ಹೌದು.

ಕನ್ನಡದಲ್ಲಿ ಈ ಭೇದಕ್ಕೆ ಪದಗಳ ಕೊರತೆಯಿಲ್ಲ. ‘ವೃದ್ಧ’ ಎಂದರೆ ಬೆಳೆದವನು, ‘ಜರೆ’ ಸವೆಯುವಿಕೆ, ‘ನರೆ’ ಕಣ್ಣಿಗೆ ಕಾಣುವ ಗುರುತು. ಆದರೆ ‘ವೃದ್ಧಾಪ್ಯ’ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ನೆನಪಾಗುವುದು ವೇತನ. 2007ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯ ‘ಸಂಧ್ಯಾ ಸುರಕ್ಷಾ’ ಎಂಬ ಹೆಸರೂ ಮುಪ್ಪನ್ನು ಮುಳುಗುವ ಹೊತ್ತಾಗಿಯೇ ಕಾಣುತ್ತದೆ. ವೇತನ ಅವಶ್ಯ, ಆದರೆ ಬೋಧಕನ ಶಬ್ದಕೋಶ ಅಲ್ಲಿಗೇ ಮುಗಿಯಬಾರದು.

ಇಲ್ಲಿ ಒಂದು ಎಚ್ಚರಿಕೆ ಸಲ್ಲುತ್ತದೆ. ವ್ಯುತ್ಪತ್ತಿಯಿಂದ ದೇವತಾಶಾಸ್ತ್ರವನ್ನು ಹೊರಡಿಸಬಾರದೆಂದು ಜೇಮ್ಸ್ ಬಾರ್ 1961ರಲ್ಲಿಯೇ ವಾದಿಸಿದರು. ಸರಿಯಾದ ವ್ಯುತ್ಪತ್ತಿಯು ವೃದ್ಧರ ಘನತೆಯನ್ನು ಸ್ಥಾಪಿಸಲಾರದು. ಸುಳ್ಳು ವ್ಯುತ್ಪತ್ತಿಯು ಅದನ್ನು ಕಸಿಯದಂತೆ ತಡೆಯಬಲ್ಲದು, ಅಷ್ಟೇ. ‘ಸೆನಾತುಸ್’ ಪದವನ್ನು ಎತ್ತಿಹಿಡಿದು ಹಿರಿತನವನ್ನು ಅಧಿಕಾರವನ್ನಾಗಿ ಮಾಡುವುದೂ ಅಷ್ಟೇ ತಪ್ಪು, ಏಕೆಂದರೆ ರೋಮಿನ ಆ ಸಭೆಯಲ್ಲಿ ಯಾವ ವಿಧವೆಗೂ ಆಸನವಿರಲಿಲ್ಲ. ಲೂಕನ ಮೊದಲನೆಯ ಅಧ್ಯಾಯವು ಇದನ್ನು ತಿದ್ದುತ್ತದೆ. ವಲ್ಗೇಟಿನಲ್ಲಿ ಜಕರೀಯನು ತನ್ನನ್ನು ‘ಸೆನೆಕ್ಸ್’ ಎಂದು ಕರೆದುಕೊಳ್ಳುವುದು ವಾಗ್ದಾನವನ್ನು ಸಂಶಯಿಸುವಾಗ. ‘ಸೆನೆಕ್ತೂಸ್’ ಪದವನ್ನು ದೇವದೂತನು ಎಲಿಸಬೇತಳಿಗೆ ಅನ್ವಯಿಸುತ್ತಾನೆ, ಅವಳು ಗರ್ಭಿಣಿಯಾಗಿದ್ದಾಳೆಂದು ತಿಳಿಸುವಾಗ. ಮಾನ್ವಿಯ ಯಾವುದೋ ಹಳ್ಳಿಯಲ್ಲಿ ಮೊಮ್ಮಕ್ಕಳನ್ನು ಸಾಕುತ್ತ ಕುಳಿತ ಅಜ್ಜಿಗೆ ಈ ಪದವನ್ನು ವಿವರಿಸಬೇಕಾದ ಬೋಧಕನು ಇಲ್ಲಿಂದ ಆರಂಭಿಸಬಹುದು.