ರೆಮೆಡಿಯೋಸ್ ವಾರೊ ಚಿತ್ರಗಳನ್ನು ನೋಡುವ ಬಗೆ

ತರ್ಕದ ಹಿಡಿತವನ್ನು ಸಡಿಲಿಸಿ ಕನಸು ಹಾಗೂ ಸುಪ್ತಮನಸ್ಸಿನ ಸತ್ಯವನ್ನು ಅರಸಿದ ಅತಿವಾಸ್ತವವಾದವು 1924ರಲ್ಲಿ ಆಂದ್ರೆ ಬ್ರೆತೋಂ ಪ್ಯಾರಿಸ್ಸಿನಲ್ಲಿ ಹೊರತಂದ ಪ್ರಣಾಳಿಕೆಯಿಂದ ಸ್ಪಷ್ಟ ರೂಪ ಪಡೆಯಿತು. ಆದರೆ ಈ ಪಂಥದ ಪುರುಷರು ಹೆಣ್ಣನ್ನು ಬಹುಮಟ್ಟಿಗೆ ತಮ್ಮ ಸ್ಫೂರ್ತಿದೇವತೆಯಾಗಿಯೇ ಕಂಡರು. ಅದೇ ಬಳಗದಲ್ಲಿದ್ದ ಕಲಾವಿದೆ ರೆಮೆಡಿಯೋಸ್ ವಾರೊ (1908–1963) ಎರಡನೇ ಮಹಾಯುದ್ಧದಿಂದ ಪಾರಾಗಿ 1941ರಲ್ಲಿ ಮೆಕ್ಸಿಕೊ ಸೇರಿ, ಅಲ್ಲಿ ಮನ್ನಣೆ ಗಳಿಸಿದರೂ ಯುರೋಪು ಕೇಂದ್ರಿತ ಕಲಾಚರಿತ್ರೆಗಳ ಅಂಚಿನಲ್ಲಿ ಬಹುಕಾಲ ಉಳಿದರು. ಅವರ ಚಿತ್ರಗಳನ್ನು ಹೊಸದಾಗಿ ನೋಡುವವರು ಮೂರು ಸಂಗತಿಗಳನ್ನು ಗಮನಿಸುವುದು ಒಳಿತು.

ರೇಖೆ: ಸ್ಪೇನಿನ ಅಂಗ್ಲೆಸ್‌ನಲ್ಲಿ ಹುಟ್ಟಿದ ವಾರೊ, ಜಲಕಾಮಗಾರಿಗಳ ಎಂಜಿನಿಯರ್ ಆಗಿದ್ದ ತಂದೆಯಿಂದ ಎಳವೆಯಲ್ಲೇ ನಕ್ಷೆ ಬರೆಯುವುದನ್ನು ಕಲಿತಿದ್ದರು. ಅವರ ಚಿತ್ರಗಳಲ್ಲಿನ ಗಾಲಿ, ದಾರ, ಕೊಳವೆಗಳು ಬರಿಯ ಅಲಂಕಾರಗಳಲ್ಲವಾದ್ದರಿಂದ, ಯಾವುದು ಯಾವುದಕ್ಕೆ ಜೋಡಿಸಿಕೊಂಡಿದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು.

ಮೈವಳಿಕೆ: ಹಸಿ ಬಣ್ಣದ ಮೇಲೆ ಕಾಗದವನ್ನೋ ಗಾಜನ್ನೋ ಒತ್ತಿ ಎತ್ತಿದಾಗ ತಾನಾಗಿ ಮೂಡುವ ವಿನ್ಯಾಸವನ್ನು ಬಳಸಿಕೊಳ್ಳುವ ತಂತ್ರಕ್ಕೆ ಡೆಕಲ್ಕೊಮೇನಿಯಾ ಎನ್ನುತ್ತಾರೆ. ಕೆಲವರು ಆಕಸ್ಮಿಕದ ಆಟವಾಗಿ ಬಳಸಿದ ಈ ತಂತ್ರವನ್ನು ವಾರೊ ಅತಿ ಸೂಕ್ಷ್ಮ ಕುಂಚಗಾರಿಕೆಯೊಡನೆ ಬೆಸೆದು, ಆಕಸ್ಮಿಕವಾಗಿ ಮೂಡಿದ ಕಲೆಗಳನ್ನೂ ಕಾಡು, ಗೋಡೆ, ಮಂಜುಗಳಾಗಿ ತಿದ್ದಿದರು.

ಕಾಯಕ: 1957ರ ‘ಪಕ್ಷಿಗಳ ಸೃಷ್ಟಿ’ಯಲ್ಲಿ ಗೂಬೆಯ ರೂಪದ ಸ್ತ್ರೀಯೊಬ್ಬಳು ಮೇಜಿನ ಮುಂದೆ ಕುಳಿತಿದ್ದಾಳೆ. ಅವಳ ಕುಂಚವು ಎದೆಯ ಮೇಲಿನ ಪಿಟೀಲಿಗೆ ಸೇರಿಕೊಂಡಿದೆ. ಬಟ್ಟಿ ಇಳಿಸುವ ಪಾತ್ರೆಯಂಥ ಸಾಧನವೊಂದು ಬಣ್ಣಗಳನ್ನು ಒದಗಿಸುತ್ತದೆ. ತ್ರಿಕೋನ ಮಸೂರದ ಮೂಲಕ ಬಂದ ನಕ್ಷತ್ರದ ಬೆಳಕು ಸೋಕಿದೊಡನೆ ಬರೆದ ಹಕ್ಕಿಗಳು ಜೀವ ತಳೆಯುತ್ತವೆ. ಸಂಗೀತ, ರಸಾಯನ, ಬೆಳಕು ಮೂರೂ ಒಬ್ಬಳ ಕೈಯಲ್ಲಿ ಕೂಡುವ ಈ ದೃಶ್ಯದಲ್ಲಿ ಸೃಷ್ಟಿಯೆಂಬುದು ಶಿಸ್ತಿನ ದುಡಿಮೆಯಾಗಿ ತೋರುತ್ತದೆ. 1961ರ ‘ಭೂಮಿಯ ಹೊದಿಕೆಯ ಕಸೂತಿ’ಯಲ್ಲಿ ಗೋಪುರದೊಳಗೆ ಬಂದಿಗಳಾದ ಹುಡುಗಿಯರು ಲೋಕವನ್ನೇ ಹೊಲಿಯುತ್ತಿದ್ದಾರೆ. ಅವರಲ್ಲೊಬ್ಬಳು ಬಟ್ಟೆಯ ಮಡಿಕೆಯಲ್ಲಿ ತನ್ನನ್ನೂ ತನ್ನ ಪ್ರಿಯಕರನನ್ನೂ ಗುಟ್ಟಾಗಿ ಕಸೂತಿ ಹಾಕಿರುತ್ತಾಳೆ. ಇದರ ಜೊತೆಯ ಫಲಕವಾದ ‘ಪಲಾಯನ’ದಲ್ಲಿ ಆ ಜೋಡಿ ನಿಜವಾಗಿಯೇ ಪಾರಾಗುತ್ತದೆ. ಹೇರಿದ ಕೆಲಸವೇ ಬಿಡುಗಡೆಯ ಉಪಾಯವಾಗುವ ಈ ತಿರುವು ವಾರೊ ಅವರ ಕಲೆಯ ತಿರುಳು.

ಆದ್ದರಿಂದ ವಾರೊ ಅವರ ಮರುಮೌಲ್ಯಮಾಪನವೆಂದರೆ ಹಳೆಯ ಪಟ್ಟಿಗೆ ಹೆಸರೊಂದನ್ನು ಸೇರಿಸಿ ಮುಗಿಸುವ ಕೆಲಸವಲ್ಲ. ಕನಸಿಗೂ ಲೆಕ್ಕಾಚಾರಕ್ಕೂ ವೈರವಿಲ್ಲವೆಂದು ತೋರಿಸಿದ ಈ ಚಿತ್ರಗಳನ್ನು ಒಪ್ಪಿಕೊಂಡಾಗ ಅತಿವಾಸ್ತವವಾದದ ವ್ಯಾಖ್ಯೆಯನ್ನೇ ಹಿಗ್ಗಿಸಬೇಕಾಗುತ್ತದೆ.