ಜಮಖಂಡಿಯ ಒರೆಗಲ್ಲು, ಮಹರ್ಷಿಯ ಅಂಕಿ

ಧ್ಯಾನಕ್ಕೆ ಕೂಡುವುದನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಮಂದಿಗೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಇಂಚಗೇರಿ ಸಂಪ್ರದಾಯದ ಮನೆಗಳಲ್ಲಿ ನಸುಕಿನ ನೇಮ, ಭಜನೆ, ದಾಸಬೋಧದ ಓದು, ಸಪ್ತಾಹ ಇವೆಲ್ಲ ತಲೆಮಾರುಗಳಿಂದ ನಡೆದು ಬಂದಿವೆ. ಈ ಸಂಪ್ರದಾಯದ ಉಮದಿಯ ಭಾವುಸಾಹೇಬ ಮಹಾರಾಜರಿಂದ 1901ರಲ್ಲಿ ನಾಮ ಪಡೆದ ಜಮಖಂಡಿಯ ಹುಡುಗ ರಾಮಚಂದ್ರ ದತ್ತಾತ್ರೇಯ ರಾನಡೆ ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಪ್ರಾಧ್ಯಾಪಕರಾದರು, ಕುಲಪತಿಯಾದರು, ನಿಂಬಾಳದ ಗುರುದೇವರೆಂದು ಹೆಸರಾದರು. ಉಪನಿಷತ್ತಿನಿಂದ ಹಿಡಿದು ಮರಾಠಿ, ಹಿಂದಿ, ಕನ್ನಡದ ಸಂತರವರೆಗೆ ಸಾಧಕರ ಅನುಭವವನ್ನು ಕುರಿತು ಅವರು ದೊಡ್ಡ ದೊಡ್ಡ ಗ್ರಂಥ ಬರೆದರು. ಆ ಅನುಭವ ನಿಜವೆಂದು ತೋರಿಸಲು ಅವರು ವೈದ್ಯರ ಪ್ರಮಾಣಪತ್ರವನ್ನು ಎಲ್ಲೂ ಕೇಳಲಿಲ್ಲ.

ಇಂದು ಇದೇ ಊರುಗಳಿಗೆ ಬರುವ ಧ್ಯಾನ ಶಿಬಿರಗಳ ಭಾಷೆ ಬೇರೆ. ಮೆದುಳಿನ ಚಿತ್ರ, ಬಿಪಿಯ ನಕ್ಷೆ, ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಸಾಲು ಇಲ್ಲದ ಕರಪತ್ರವೇ ಅಪರೂಪ. ಅದನ್ನು ಓದಿದವರಲ್ಲಿ ಕೆಲವರು ‘ವಿಜ್ಞಾನವೇ ಒಪ್ಪಿದೆ’ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ‘ಇದೊಂದು ಕಲ್ಟ್, ತಲೆ ಕೆಡಿಸುತ್ತಾರೆ’ ಎಂದು ದೂರ ಸರಿಯುತ್ತಾರೆ. ಎರಡು ಮಾತಿಗೂ ಆಧಾರ ಬೇಕು. ಧ್ಯಾನಕ್ಕೆ ಪ್ರಯೋಗಾಲಯದ ಮುದ್ರೆ ಒತ್ತಿಸುವ ರೂಢಿಯನ್ನು ಜಗತ್ತಿನಾದ್ಯಂತ ಹಬ್ಬಿಸಿದ ಚಳವಳಿಯನ್ನೇ, ಅಂದರೆ ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನವನ್ನೇ ಎದುರಿಗಿಟ್ಟುಕೊಂಡರೆ ಆ ಆಧಾರ ಎಲ್ಲಿದೆ, ಎಲ್ಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಜ್ಯೋತಿರ್ಮಠದ ಬ್ರಹ್ಮಾನಂದ ಸರಸ್ವತಿಯವರ ಶಿಷ್ಯರಾಗಿದ್ದ ಮಹರ್ಷಿ 1950ರ ದಶಕದ ಕೊನೆಯಲ್ಲಿ ಮದ್ರಾಸಿನಿಂದ ತಮ್ಮ ಚಳವಳಿ ಆರಂಭಿಸಿದರು. ಶುಲ್ಕ ಕಟ್ಟಬೇಕು, ಚಿಕ್ಕದೊಂದು ಪೂಜೆ ನಡೆಯುತ್ತದೆ, ಗುಟ್ಟಾಗಿ ಒಂದು ಮಂತ್ರ ಸಿಗುತ್ತದೆ; ದಿನಕ್ಕೆ ಎರಡು ಸಲ, ಸುಮಾರು 20 ನಿಮಿಷ ಕಣ್ಣು ಮುಚ್ಚಿ ಕೂತರಾಯಿತು. 1968ರಲ್ಲಿ ಬೀಟಲ್ಸ್ ತಂಡ ಋಷಿಕೇಶಕ್ಕೆ ಬಂದಾಗ ಕೀರ್ತಿ ಬಂತು. ಆದರೆ ಚಳವಳಿಗೆ ಮಧ್ಯಮವರ್ಗದ ಮನೆಬಾಗಿಲು ತೆರೆದದ್ದು ಹಾಡುಗಾರರಿಗಿಂತ ಹೆಚ್ಚಾಗಿ ಒಂದು ಸಂಶೋಧನಾ ಲೇಖನ. 1970ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಕೀತ್ ವ್ಯಾಲೇಸ್ ಪ್ರಕಟಿಸಿದ ಆ ಲೇಖನದ ಪ್ರಕಾರ, ಧ್ಯಾನದ ವೇಳೆ ದೇಹ ಬಳಸುವ ಆಮ್ಲಜನಕ ಇಳಿಯುತ್ತದೆ, ಹೃದಯಬಡಿತ ನಿಧಾನವಾಗುತ್ತದೆ, ಮೆದುಳಿನ ಅಲೆ ಬದಲಾಗುತ್ತದೆ. ವ್ಯಾಲೇಸ್ ಮುಂದೆ ಮಹರ್ಷಿಯವರ ಹೆಸರಿನ ಅಮೆರಿಕದ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು. ಮಹರ್ಷಿಯ ಅನುಯಾಯಿ ಎಂಬ ಕಾರಣಕ್ಕೆ ಅವರ ಅಳತೆ ಸುಳ್ಳಾಗುವುದಿಲ್ಲ. ಪ್ರಶ್ನೆ ಬೇರೆಯದು: ಸುಮ್ಮನೆ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತವನ ದೇಹದಲ್ಲಿ ಏನಾಗುತ್ತದೆ?

ಈ ಪ್ರಶ್ನೆಯ ತೂಕವನ್ನು ಬನಹಟ್ಟಿಯ ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಬಣ್ಣ ನಿಲ್ಲುತ್ತದೋ ಇಲ್ಲವೋ ನೋಡಬೇಕಾದರೆ ಒಂದೇ ಲಡಿಯ ನೂಲನ್ನು ಎರಡು ಪಾಲು ಮಾಡಿ, ಒಂದಕ್ಕೆ ಹಳೆಯ ಬಣ್ಣ, ಇನ್ನೊಂದಕ್ಕೆ ಹೊಸದು ಹಾಕಿ, ಎರಡನ್ನೂ ಒಂದೇ ನೀರಿನಲ್ಲಿ ತೊಳೆಯಬೇಕು. ಧ್ಯಾನದ ಆರಂಭಿಕ ಅಧ್ಯಯನಗಳಲ್ಲಿ ಬಹುಪಾಲಿಗೆ ಆ ಎರಡನೆಯ ಪಾಲೇ ಇರಲಿಲ್ಲ.

ಜೊನಾಥನ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞ 1976ರಲ್ಲಿ ಆ ಪಾಲನ್ನು ಒದಗಿಸಿದರು. ಆತಂಕದಿಂದ ಬಳಲುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಭಾವಾತೀತ ಧ್ಯಾನ ಕಲಿಸಲಾಯಿತು. ಇನ್ನೊಂದು ಗುಂಪಿಗೆ ಸ್ಮಿತ್ ಸ್ವತಃ ಕಟ್ಟಿದ ಹುಸಿ ವಿಧಾನ ಸಿಕ್ಕಿತು. ಅದರಲ್ಲಿ ಮಂತ್ರವಿಲ್ಲ, ಧ್ಯಾನವಿಲ್ಲ. ದಿನಕ್ಕೆರಡು ಸಲ ಕಣ್ಣು ಮುಚ್ಚಿ ಕೂಡುವುದಷ್ಟೇ ಕೆಲಸ. ಆದರೆ ಅದಕ್ಕೊಂದು ಗಂಭೀರ ಹೆಸರಿತ್ತು, ಅದು ಹೇಗೆ ಗುಣ ಕೊಡುತ್ತದೆ ಎಂಬ ಉದ್ದನೆಯ ವಿವರಣೆಯಿತ್ತು. ಆರು ತಿಂಗಳ ಬಳಿಕ ಅಳೆದಾಗ ಎರಡೂ ಗುಂಪಿನ ಆತಂಕ ಸರಿಸಮನಾಗಿ ಇಳಿದಿತ್ತು. ಗುಣ ಬಂದದ್ದು ಸುಳ್ಳಲ್ಲ. ಆ ಗುಣಕ್ಕೆ ಗುಟ್ಟಿನ ಮಂತ್ರವೇ ಕಾರಣವೆಂಬುದು ಮಾತ್ರ ನಿಲ್ಲಲಿಲ್ಲ. ವ್ಯಾಲೇಸ್ ಜೊತೆ ಕೆಲಸ ಮಾಡಿದ್ದ ಹಾರ್ವರ್ಡ್ ವೈದ್ಯ ಹರ್ಬರ್ಟ್ ಬೆನ್ಸನ್ ಕೂಡ 1975ರ ತಮ್ಮ ಪುಸ್ತಕದಲ್ಲಿ, ಯಾವುದೋ ಒಂದು ಸಾದಾ ಪದವನ್ನು ಮನಸ್ಸಿನಲ್ಲಿ ಹೇಳಿಕೊಂಡರೂ ದೇಹ ಅದೇ ರೀತಿ ವಿಶ್ರಾಂತಿಗೆ ಇಳಿಯುತ್ತದೆ ಎಂದು ವಾದಿಸಿದರು. 1984ರಲ್ಲಿ ಡೇವಿಡ್ ಹೋಮ್ಸ್ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ, ದೇಹದ ಉದ್ರೇಕ ಇಳಿಸುವುದರಲ್ಲಿ ಧ್ಯಾನಕ್ಕೂ ಬರಿಯ ವಿಶ್ರಾಂತಿಗೂ ಎದ್ದು ಕಾಣುವ ವ್ಯತ್ಯಾಸವಿಲ್ಲ ಎಂದು ತೀರ್ಮಾನಿಸಿದರು.

ಪರವಾದ ಸಾಕ್ಷ್ಯವೂ ಇದೆ. ಅದನ್ನು ಮುಚ್ಚಿಟ್ಟರೆ ವಿಮರ್ಶೆಗೆ ಬೆಲೆ ಇರುವುದಿಲ್ಲ. ರಕ್ತದೊತ್ತಡ ಇಳಿಸಲು ಇತರ ಚಿಕಿತ್ಸೆಯ ಜೊತೆ ಭಾವಾತೀತ ಧ್ಯಾನವನ್ನು ಪರಿಗಣಿಸಬಹುದು ಎಂದು ಅಮೆರಿಕದ ಹೃದ್ರೋಗ ಸಂಘ 2013ರಲ್ಲಿ ಹೇಳಿತು. ಆದರೆ ಅದು ಬಳಸಿದ್ದು ಶಿಫಾರಸಿನ ದುರ್ಬಲ ದರ್ಜೆಯನ್ನು. ಮರುವರ್ಷ ಬಂದ ಇನ್ನೊಂದು ದೊಡ್ಡ ಪರಿಶೀಲನೆ 47 ಪ್ರಯೋಗಗಳನ್ನು, 3,515 ಜನರನ್ನು ಒಳಗೊಂಡಿತ್ತು. ಉಸಿರು ಮತ್ತು ಅರಿವಿನ ಮೇಲೆ ಗಮನವಿಡುವ ಧ್ಯಾನದಿಂದ ಆತಂಕ, ಖಿನ್ನತೆ, ನೋವು ಮಿತವಾಗಿ ತಗ್ಗುತ್ತವೆ; ಔಷಧ ಅಥವಾ ವ್ಯಾಯಾಮಕ್ಕಿಂತ ಧ್ಯಾನ ಮಿಗಿಲೆಂಬುದಕ್ಕೆ ಪುರಾವೆ ಇಲ್ಲ ಎಂಬುದು ಅದರ ಸಾರ. ಮಂತ್ರಧ್ಯಾನದ ಬಗ್ಗೆ ಸಿಕ್ಕ ಸಾಕ್ಷ್ಯ ಇನ್ನೂ ತೆಳುವಾಗಿತ್ತು.

ಕರ್ನಾಟಕದ್ದೇ ಒಂದು ಉದಾಹರಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಮಹರ್ಷಿಯ ಬಳಿ ಇದ್ದು ಬಂದ ಶ್ರೀ ಶ್ರೀ ರವಿಶಂಕರ್ ರೂಪಿಸಿದ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಸಾಧನೆಯನ್ನು ತೀವ್ರ ಖಿನ್ನತೆಯ 45 ರೋಗಿಗಳಲ್ಲಿ ಅಲ್ಲಿನ ವೈದ್ಯರು ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ತಲಾ 15 ಜನರ ಮೂರು ಗುಂಪು. ನಾಲ್ಕು ವಾರದ ನಂತರ ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ 93, ಖಿನ್ನತೆಯ ಔಷಧವಾದ ಇಮಿಪ್ರಮಿನ್ ಮಾತ್ರೆ ನುಂಗಿದವರಲ್ಲಿ ಶೇ 73, ಕ್ರಿಯೆ ಮಾಡಿದವರಲ್ಲಿ ಶೇ 67 ಮಂದಿ ಚೇತರಿಸಿಕೊಂಡಿದ್ದರು. ಕುತೂಹಲ ಹುಟ್ಟಿಸುವ ಫಲಿತಾಂಶ, ಪ್ರಾಮಾಣಿಕವಾಗಿ ಮಾಡಿದ ಕೆಲಸ. ಆದರೆ ಶೇ 67 ಎಂದರೆ ಹದಿನೈದರಲ್ಲಿ ಹತ್ತು ಜನ. ಅವರೆಲ್ಲ ಆಸ್ಪತ್ರೆಯಲ್ಲಿ ದಾಖಲಾಗಿ ವೈದ್ಯರ ಕಣ್ಣೆದುರಿಗೆ ಇದ್ದವರು. ಏನೂ ಮಾಡದ ಅಥವಾ ಹುಸಿ ಚಿಕಿತ್ಸೆ ಪಡೆದ ನಾಲ್ಕನೆಯ ಗುಂಪು ಇರಲಿಲ್ಲ. ಹತ್ತು ಜನರ ಈ ಫಲ ಕರಪತ್ರದಲ್ಲಿ ಖಿನ್ನತೆಗೆ ಸಿದ್ಧೌಷಧವಾದರೆ ದೋಷ ಅಧ್ಯಯನದ್ದಲ್ಲ, ಕರಪತ್ರದ್ದು.

ಮಹರ್ಷಿಯ ಚಳವಳಿ ಇಂಥ ಸಣ್ಣ, ಅಳೆಯಬಲ್ಲ ಮಾತಿಗೆ ನಿಂತಿದ್ದರೆ ಅದರ ಮೇಲೆ ಇಷ್ಟು ಅನುಮಾನ ಏಳುತ್ತಿರಲಿಲ್ಲ. 1976ರ ಹೊತ್ತಿಗೆ ಅದು ‘ಯೋಗಿಕ ಹಾರಾಟ’ ಕಲಿಸಲು ಹೊರಟಿತು. ಸಾರ್ವಜನಿಕರಿಗೆ ಕಂಡದ್ದು ಮೆತ್ತೆಯ ಮೇಲೆ ಪದ್ಮಾಸನದಲ್ಲಿ ಕುಪ್ಪಳಿಸುವವರು. ಊರಿನ ಶೇ 1ರಷ್ಟು ಜನ ಧ್ಯಾನ ಮಾಡಿದರೆ ಇಡೀ ಊರಿನ ಅಪರಾಧ ಇಳಿಯುತ್ತದೆ ಎಂಬ ‘ಮಹರ್ಷಿ ಪರಿಣಾಮ’ದ ಮಾತು ಇದಕ್ಕೂ ದೊಡ್ಡದು. 1993ರ ಜೂನ್-ಜುಲೈನಲ್ಲಿ ಸುಮಾರು 4,000 ಧ್ಯಾನಿಗಳು ವಾಷಿಂಗ್ಟನ್ನಿನಲ್ಲಿ ಸೇರಿದರು. ಹಿಂಸಾಪರಾಧ ಶೇ 23ರಷ್ಟು ಇಳಿಯಿತೆಂದು ಚಳವಳಿಯ ಸಂಶೋಧಕರು ಘೋಷಿಸಿದರು. ಇಳಿದದ್ದು ಯಾವುದಕ್ಕೆ ಹೋಲಿಸಿ? ಧ್ಯಾನ ನಡೆಯದಿದ್ದರೆ ಅಪರಾಧ ಎಷ್ಟು ಏರುತ್ತಿತ್ತು ಎಂದು ಅವರೇ ಹಾಕಿದ ಲೆಕ್ಕಕ್ಕೆ ಹೋಲಿಸಿ. ನಡೆಯದ ಸಂಗತಿಯ ಅಂದಾಜಿನಿಂದ ಹುಟ್ಟಿದ ಈ ಇಳಿಕೆಯನ್ನು ಭೌತವಿಜ್ಞಾನಿ ರಾಬರ್ಟ್ ಪಾರ್ಕ್ ಕಟುವಾಗಿ ಟೀಕಿಸಿದರು. ಅಧ್ಯಯನದ ಮುಂದಾಳು ಜಾನ್ ಹೇಗೆಲಿನ್ ಅವರಿಗೆ 1994ರಲ್ಲಿ ಇಗ್ ನೊಬೆಲ್ ಎಂಬ ಅಣಕು ಪ್ರಶಸ್ತಿ ಸಂದಿತು.

ಹಣದ ಸಂಬಂಧ ಬಚ್ಚಿಟ್ಟ ಪ್ರಕರಣವೂ ಉಂಟು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ 1991ರ ಮೇ ತಿಂಗಳಲ್ಲಿ ಮಹರ್ಷಿ ಆಯುರ್ವೇದವನ್ನು ಹೊಗಳಿದ ಲೇಖನ ಪ್ರಕಟಿಸಿತು. ಲೇಖಕರಿಗೆ ಆ ಉತ್ಪನ್ನಗಳನ್ನು ಮಾರುವ ಸಂಸ್ಥೆಗಳೊಡನೆ ನಂಟಿದೆ, ಅದನ್ನು ಅವರು ತಿಳಿಸಿರಲಿಲ್ಲ ಎಂಬುದು ಗೊತ್ತಾದ ಮೇಲೆ ಪತ್ರಿಕೆ ಅದೇ ವರ್ಷ ತಿದ್ದುಪಡಿ ಹಾಕಿ, ಅಕ್ಟೋಬರಿನಲ್ಲಿ ತನ್ನದೇ ಸವಿಸ್ತಾರ ತನಿಖಾ ವರದಿ ಪ್ರಕಟಿಸಿತು. ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಂಡ ಬಗೆ ಇದು. ಚಳವಳಿಯ ಪ್ರಚಾರ ಸಾಹಿತ್ಯದಲ್ಲಿ ಇಂಥ ತಿದ್ದುಪಡಿಗೆ ಜಾಗವಿರಲಿಲ್ಲ.

ಇನ್ನು ಕಲ್ಟ್ ಎಂಬ ಆರೋಪ. 1977ರಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ ಸರ್ಕಾರಿ ಶಾಲೆಗಳಲ್ಲಿ ಭಾವಾತೀತ ಧ್ಯಾನದ ಪಾಠವನ್ನು ನಿಲ್ಲಿಸಿತು. ದೀಕ್ಷೆಯ ಪೂಜೆಯನ್ನೂ ಪಠ್ಯಪುಸ್ತಕವನ್ನೂ ಪರಿಶೀಲಿಸಿ, ಇದು ವಿಜ್ಞಾನವೆಂದು ಕರೆದುಕೊಂಡರೂ ಧಾರ್ಮಿಕ ಸ್ವರೂಪದ್ದು ಎಂದಿತು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಧಾರ್ಮಿಕವಾಗಿರುವುದು ಅಪರಾಧವಲ್ಲ. ಧಾರ್ಮಿಕವಾದದ್ದನ್ನು ವಿಜ್ಞಾನದ ಹೆಸರಿನಲ್ಲಿ ಮಕ್ಕಳ ಮುಂದೆ ಇಡುವುದು ಸರಿಯಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕಲಿಕಾ ಶುಲ್ಕ 2,500 ಡಾಲರಿಗೆ ಏರಿದ್ದು, ಮೇಲಿನ ಹಂತಗಳಿಗೆ ಮತ್ತೆ ಹಣ ಕೇಳಿದ್ದು, ಮಂತ್ರವನ್ನು ಯಾರೊಡನೆಯೂ ಹೇಳಬಾರದೆಂಬ ಕಟ್ಟಳೆ ಇವು ಆಕ್ಷೇಪಕ್ಕೆ ಅರ್ಹ. ಹಾಗೆಂದು ಮಂತ್ರ ಪಡೆದು ಮನೆಗೆ ಹೋಗಿ, ಕೆಲವು ದಿನ ಕೂತು, ಬೇಕೆನಿಸಿದರೆ ಮುಂದುವರಿಸಿ ಬೇಡವೆನಿಸಿದರೆ ಬಿಟ್ಟ ಅಸಂಖ್ಯ ಮಂದಿಯನ್ನು ತಲೆತೊಳೆಸಿಕೊಂಡವರೆನ್ನುವುದು ಅನ್ಯಾಯ. ಹೆಸರಿಗಿಂತ ನಡತೆ ಮುಖ್ಯ: ಹಣದ ಲೆಕ್ಕ ಬಹಿರಂಗವೇ, ಪ್ರಶ್ನೆ ಕೇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಮನೆಯವರಿಂದ ದೂರ ಮಾಡುತ್ತಾರೆಯೇ, ಬಿಟ್ಟು ಹೋದವರ ಬೆನ್ನು ಹತ್ತುತ್ತಾರೆಯೇ?

ಇದೇ ಪ್ರಶ್ನೆಗಳನ್ನು ನಮ್ಮ ನೆಲದ ಸಂಪ್ರದಾಯಕ್ಕೂ ಹಾಕಲೇಬೇಕು. ಇಂಚಗೇರಿಯಲ್ಲಿಯೂ ನಾಮ ಗುಟ್ಟಿನದು, ಗುರುವಿನ ಮಾತಿಗೆ ದೊಡ್ಡ ಸ್ಥಾನವಿದೆ. ಆದರೆ ಅಲ್ಲಿ ಭಿನ್ನಮತಕ್ಕೂ ದಾರಿಯಿತ್ತು. ಭಾವುಸಾಹೇಬರ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು ಗುರುವಿನ ನಂತರ, ಧ್ಯಾನದ ‘ಪಿಪೀಲಿಕಾ ಮಾರ್ಗ’ಕ್ಕಿಂತ (ಇರುವೆಯ ದಾರಿ) ವಿಚಾರದ ‘ವಿಹಂಗಮ ಮಾರ್ಗ’ (ಹಕ್ಕಿಯ ದಾರಿ) ಹತ್ತಿರದ್ದೆಂದು ಹೇಳಿದರು. ಗುರುಬಂಧುಗಳು ಒಪ್ಪಲಿಲ್ಲ, ಸಿದ್ಧರಾಮೇಶ್ವರರು ತಮ್ಮ ದಾರಿ ಹಿಡಿದರು. ಮುಂಬೈಯ ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರು ಆ ದಾರಿಯಿಂದಲೇ ಬಂದವರು.

ರಾನಡೆಯವರೂ ಪರೀಕ್ಷೆಯಿಂದ ಹೊರತಲ್ಲ. 1933ರಲ್ಲಿ ಬಂದ ಮಹಾರಾಷ್ಟ್ರದ ಅನುಭಾವಿಗಳ ಕುರಿತ ಗ್ರಂಥದಲ್ಲಿ ಅವರು ಅನುಭಾವದ ಸತ್ಯಕ್ಕೆ ಮಾನದಂಡಗಳನ್ನು ಹುಡುಕಿದರು. ದೇಶಕಾಲ ಬೇರೆಯಾದರೂ ಸಾಧಕರ ಅನುಭವ ಒಂದೇ ಬಗೆಯದೆಂಬ ಸಾರ್ವತ್ರಿಕತೆ ಅವುಗಳಲ್ಲಿ ಮೊದಲನೆಯದು. ಈ ವಾದ ಬಿಗಿಯಾಗಿಲ್ಲ. ಅರೆತಲೆನೋವು ಬರುವ ಮುನ್ನ ಜಗತ್ತಿನ ಎಷ್ಟೋ ಜನರಿಗೆ ಒಂದೇ ತರಹದ ಅಂಕುಡೊಂಕು ಬೆಳಕಿನ ಗೆರೆ ಕಾಣುತ್ತದೆ; ಅದು ತೋರಿಸುವುದು ಎಲ್ಲರ ಮೆದುಳಿನ ರಚನೆ ಒಂದೇ ಎಂಬುದನ್ನು. ಧ್ಯಾನದಲ್ಲಿ ಕಂಡ ಬಣ್ಣ, ಬೆಳಕು, ನಾದಕ್ಕೂ ಅಷ್ಟೇ ಹೇಳಬಹುದು. ಆದರೆ ರಾನಡೆಯವರ ನೈತಿಕ ಮಾನದಂಡ ಗಟ್ಟಿಯಾದದ್ದು: ಅನುಭವ ನಿಜವಾದರೆ ಸಾಧಕನ ನಡತೆ ಎತ್ತರಕ್ಕೇರಬೇಕು. ಅದನ್ನು ಅಳೆಯಲು ಯಂತ್ರ ಬೇಡ, ನೆರೆಹೊರೆಯವರು ಸಾಕು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಈ ಸೀಮೆಯ ಮಂದಿ ನಸುಕಿನಲ್ಲೆದ್ದು ಹೋಗುತ್ತಿದ್ದರು. ಸ್ವಾಮೀಜಿಯವರ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬೇಡವೆಂದರು. ತಮ್ಮ ದೇಹವನ್ನು ಸುಡಬೇಕು, ಸ್ಮಾರಕ ಕಟ್ಟಬಾರದು ಎಂದು ಬರೆದಿಟ್ಟು 2023ರ ಜನವರಿ 2ರಂದು ತೀರಿಕೊಂಡರು. ಕಲ್ಟ್ ಕಟ್ಟುವವರ ಲಕ್ಷಣ ಇದಲ್ಲ.

ಪ್ರಶ್ನೆ ಕೇಳುವುದೂ ಕನ್ನಡ ನಾಡಿನ ಪರಂಪರೆಯೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು. ಉತ್ತರ ಬರಲಿಲ್ಲ. ನರಸಿಂಹಯ್ಯ ಗಾಂಧಿವಾದಿ, ಸರಳವಾಗಿ ಬದುಕಿದವರು. ಶ್ರದ್ಧೆ ಇರುವವರನ್ನು ಅವಮಾನಿಸದೆ ಪುರಾವೆ ಕೇಳಿದರು.

ಧ್ಯಾನದ ಮಾರಾಟ ಮುಚ್ಚಿಡುವ ಸಂಗತಿ ಇನ್ನೂ ಎರಡಿವೆ. ಪವರ್‌ಲೂಮ್ ಕೂಲಿ ಸಾಲದ ರಬಕವಿಯ ನೇಕಾರ, ಕಬ್ಬಿನ ಬಾಕಿಗೆ ಕಾದ ಮುಧೋಳದ ರೈತ, ಆಲಮಟ್ಟಿ ಹಿನ್ನೀರಿಗೆ ಹೊಲ ಕಳೆದುಕೊಂಡ ಬೀಳಗಿಯ ಕುಟುಂಬ ಇವರ ನಿದ್ದೆಗೇಡಿನ ಮೂಲ ಅವರ ಮನಸ್ಸಿನಲ್ಲಿಲ್ಲ. ಕಣ್ಣು ಮುಚ್ಚಿ ಕೂತರೆ ಸ್ವಲ್ಪ ಹಗುರಾದೀತು, ಬಾಕಿ ಮಾತ್ರ ಬರುವುದಿಲ್ಲ. ಎರಡನೆಯದಾಗಿ, ಧ್ಯಾನ ಎಲ್ಲರಿಗೂ ನಿರಪಾಯವಲ್ಲ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ಧ್ಯಾನ ಮಾಡಿದವರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಆತಂಕ, ಖಿನ್ನತೆಯಂಥ ಅಡ್ಡಪರಿಣಾಮ ಕಂಡದ್ದನ್ನು ದಾಖಲಿಸಿತು.

ತೀರ್ಪು ಇಷ್ಟು. ದಿನಕ್ಕೆರಡು ಸಲ ಶಾಂತವಾಗಿ ಕೂತರೆ ಮನಸ್ಸಿಗೆ ಹಿತ, ಬಿಪಿಗೂ ಒಂದಿಷ್ಟು ಸಹಾಯ ಎಂಬ ಮಾತು ನಿಲ್ಲುತ್ತದೆ. ಅದಕ್ಕೆ ದುಬಾರಿ ಮಂತ್ರವೇ ಬೇಕು, ಅದರಿಂದ ಊರಿನ ಅಪರಾಧ ತಗ್ಗುತ್ತದೆ, ದೇಹ ಹಾರುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಶಿಬಿರಕ್ಕೆ ಹೆಸರು ಕೊಡುವವರು ಕೊಡಲಿ. ಆದರೆ ಹಣ ಕಟ್ಟುವ ಮೊದಲು ಅಧ್ಯಯನ ಯಾರದು, ಎಷ್ಟು ಜನರ ಮೇಲೆ ನಡೆಯಿತು, ಯಾವ ಗುಂಪಿಗೆ ಹೋಲಿಸಿದ್ದು ಎಂದು ಕೇಳಲಿ. ಬಿಪಿ, ಸಕ್ಕರೆ, ಖಿನ್ನತೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಧ್ಯಾನಕ್ಕೆ ಕೂತ ಮೇಲೆ ಮನಸ್ಸು ಕಳವಳಗೊಂಡರೆ, ನಿದ್ದೆ ಹೋದರೆ, ಶಿಬಿರದವರು ಇನ್ನೂ ಹೆಚ್ಚು ಕೂಡಿ ಎಂದರೂ ಕೇಳದೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.